ಆ ಕೋಣೆಯಲ್ಲಿ ಯಾರೂ ನಿನಗೆ ಬುದ್ಧಿ ಹೇಳುವುದಿಲ್ಲ

ಪ್ರೀತಿಯ ಹುಡುಗ,

‘ಬಿಡಬೇಕು ಅಂತಿದೆ, ಆದರೆ ನಾಲ್ಕು ಜನರ ಮುಂದೆ ಕೂತು ನಾನು ಕುಡುಕ ಅಂತ ಹೇಳಿಕೊಳ್ಳೋದು ನನ್ನಿಂದಾಗಲ್ಲ’ ಎಂದು ಬರೆದಿದ್ದೀಯ. ಹೇಳಿಕೊಳ್ಳಬೇಡ, ಹೋಗಿ ಸುಮ್ಮನೆ ಕೂತು ಬಾ. ಸರದಿ ಬಂದಾಗ ‘ಇವತ್ತು ಕೇಳ್ತೀನಿ’ ಅಂದರೆ ಸಾಕು, ಮಾತು ಪಕ್ಕದವರಿಗೆ ಹೋಗುತ್ತದೆ.

ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಸಭೆಗಳು ಬೆಂಗಳೂರಿನಲ್ಲಿ ಎಷ್ಟೋ ಕಡೆ ಶಾಲೆಯ ಕೊಠಡಿಯಲ್ಲೋ ಚರ್ಚಿನ ಹಿಂಬದಿಯ ಹಾಲಿನಲ್ಲೋ ನಡೆಯುತ್ತವೆ. ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ಕುಡಿತದಿಂದ ಹೊರಬರುವ ಹನ್ನೆರಡು ಹೆಜ್ಜೆಗಳ ಬ್ಯಾನರು, ಕಾಗದದ ಲೋಟದಲ್ಲಿ ಟೀ. ಒಬ್ಬೊಬ್ಬರೇ ಹೆಸರು ಹೇಳಿ ತಮ್ಮ ಕಥೆ ಹೇಳುತ್ತಾರೆ. ಆಟೋ ಓಡಿಸುವವರು ಇರುತ್ತಾರೆ, ಬ್ಯಾಂಕಿನಿಂದ ನಿವೃತ್ತರಾದವರು, ನಿನ್ನ ವಯಸ್ಸಿನ ಸಾಫ್ಟ್‌ವೇರ್ ಹುಡುಗರು ಇರುತ್ತಾರೆ. ಸ್ಕೂಟರಿನ ಡಿಕ್ಕಿಯಲ್ಲಿ ಒರೆಸುವ ಬಟ್ಟೆಯೊಳಗೆ ಸುತ್ತಿಟ್ಟ ನೈಂಟಿ ಪ್ಯಾಕೆಟ್ಟು, ಬೆಳಿಗ್ಗೆ ಕೈ ನಡುಗಿ ಚೆಕ್ಕಿನ ಮೇಲೆ ಸಹಿ ಕೂಡದೆ ಹೋದದ್ದು: ಇಂಥವೇ ಕಥೆಗಳು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಸಲಹೆ ಕೊಡುವಂತಿಲ್ಲ. ಪುಕ್ಕಟೆ ಉಪದೇಶಕ್ಕೆ ಹೆಸರಾದ ನಮ್ಮ ನಾಡಿನಲ್ಲಿ ಇದೊಂದು ಸೋಜಿಗವೇ ಸರಿ.

ಚರ್ಚು ಅಂದಾಕ್ಷಣ ನಿನ್ನಪ್ಪ ಹುಬ್ಬೇರಿಸಿದರಂತೆ. ಹಾಲು ಸಿಕ್ಕ ಕಡೆ ಸಭೆ, ಅಷ್ಟೇ. ಎಎ ಯಾವ ಮತಕ್ಕೂ ಸೇರಿದ್ದಲ್ಲ. ಸೇರಲು ಬೇಕಾದ ಅರ್ಹತೆ ಒಂದೇ, ಕುಡಿತ ಬಿಡುವ ಆಸೆ. ಶುಲ್ಕವಿಲ್ಲ. ಕೊನೆಗೆ ಒಂದು ಚೀಲ ಸುತ್ತು ಬರುತ್ತದೆ, ಹೊಸಬರು ಹಾಕಬೇಕೆಂದೇನೂ ಇಲ್ಲ. ಹೊರಗಿನವರ ದೇಣಿಗೆಯನ್ನಂತೂ ಅವರು ಮುಟ್ಟುವುದಿಲ್ಲ.

ನಿನಗಿರುವ ನಿಜವಾದ ಅಂಜಿಕೆ ಬೇರೆಯದು ಅನ್ನಿಸುತ್ತದೆ. ಅವರೆಲ್ಲ ನನ್ನ ಮೇಲೆ ಕನಿಕರ ಪಡುತ್ತಾರೆ ಎನ್ನುವುದು. ಅದಕ್ಕೆ 1935ರ ಸಂಗತಿ ಹೇಳಬೇಕು. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಒಹಾಯೊದ ಆಕ್ರನ್ ಊರಿಗೆ ಬಂದಿದ್ದ, ಬಂದ ಕೆಲಸ ಕೆಟ್ಟಿತು. ಹೋಟೆಲಿನ ಲಾಬಿಯಲ್ಲಿ ಒಬ್ಬನೇ. ಒಂದು ಕಡೆ ಬಾರಿನ ಗದ್ದಲ, ಇನ್ನೊಂದು ಕಡೆ ಟೆಲಿಫೋನು. ಮಾತಾಡಲು ಇನ್ನೊಬ್ಬ ಕುಡುಕ ಸಿಗದಿದ್ದರೆ ತಾನು ಬಾರಿಗೆ ನುಗ್ಗುವುದು ಖಂಡಿತ ಎಂದು ಅವನಿಗೆ ಗೊತ್ತಾಯಿತು. ಅವರಿವರಿಗೆ ಫೋನು ಮಾಡಿದ. ಹಾಗೆ ಸಿಕ್ಕವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಕಾಲು ಗಂಟೆ ಮಾತ್ರ ಕೂರುತ್ತೇನೆಂದು ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು. ಅವರು ಕೊನೆಯ ಸಲ ಕುಡಿದ ಜೂನ್ 10 ಅನ್ನೇ ಎಎ ಹುಟ್ಟಿದ ದಿನ ಎಂದು ಎಣಿಸುತ್ತಾರೆ. ಬಿಲ್ ಅಂದು ಹುಡುಕಿದ್ದು ತನ್ನನ್ನು ಉಳಿಸಿಕೊಳ್ಳುವ ದಾರಿಯನ್ನು. ಇವತ್ತಿಗೂ ಆ ಕೋಣೆಯ ಲೆಕ್ಕ ಅದೇ. ಹೊಸಬ ಬಂದು ಕೂತರೆ ಹಳಬರಿಗೆ ತಮ್ಮ ಮೊದಲ ದಿನ ನೆನಪಾಗುತ್ತದೆ. ಅದರಿಂದ ಅವರು ಅಂದೂ ಕುಡಿಯದೆ ಉಳಿಯುತ್ತಾರೆ. ನಾನೂ ಹಾಗೆಯೇ ಉಳಿದದ್ದು. ಆದ್ದರಿಂದ ಯಾರ ಹಂಗಿಗೂ ಬೀಳುತ್ತಿದ್ದೇನೆ ಅಂದುಕೊಳ್ಳಬೇಡ.

ಗುರುತಿನವರು ಕಂಡರೆ? ಕಾಣಬಹುದು. ಅವರೂ ಅದಕ್ಕೇ ಬಂದಿರುತ್ತಾರಲ್ಲ! ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕೆಂಬುದು ರೂಢಿ.

ಈಗ ಒಂದು ಗಟ್ಟಿ ಮಾತು. ದಿನವೂ ಕುಡಿಯುವವನು ಸಭೆಗೆ ಹೋದ ಹುರುಪಿನಲ್ಲಿ ಏಕಾಏಕಿ ನಿಲ್ಲಿಸಕೂಡದು. ಎರಡು ಮೂರು ದಿನದೊಳಗೆ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರನ್ನು ನೋಡು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಹತ್ತಿರದ ಸಭೆ ಎಲ್ಲಿ, ಯಾವ ಭಾಷೆಯಲ್ಲಿ ಎಂದು ಡಾಕ್ಟರನ್ನೂ ಕೇಳು. ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್, ತಮಿಳು ಗುಂಪುಗಳಿವೆ. ಒಂದು ಗುಂಪು ಹಿಡಿಸದಿದ್ದರೆ ‘ಎಎ ಸರಿಯಿಲ್ಲ’ ಎಂದು ತೀರ್ಪು ಕೊಡಬೇಡ, ಇನ್ನೊಂದಕ್ಕೆ ಹೋಗು. ಮನಸ್ಸು ಒಪ್ಪಿದ ಹಳಬರೊಬ್ಬರ ಫೋನ್ ನಂಬರು ತೆಗೆದುಕೋ. ಹಸಿವು, ಸಿಟ್ಟು, ಒಂಟಿತನ, ದಣಿವು ಕಾಡಿದ ಸಂಜೆ ಬಾರಿನ ಮುಂದೆ ನಿಂತಾಗ ಕೆಲಸಕ್ಕೆ ಬರುವುದು ಆ ನಂಬರೇ.

ಊರಿಗೆ ಹೋದರೆ ಏನು ಗತಿ ಎಂದು ಕೇಳಿದ್ದೀಯ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಎಂದು ಕೂಡುತ್ತಾರೆ. ಭಜನೆ, ಹಾರ ತುರಾಯಿ ಇರುವ ಆ ರೀತಿ ಎಎಯಿಂದ ಬೇರೆ. ನನಗೆ ಈ ಸದ್ದಿಲ್ಲದ ಕೋಣೆಯೇ ಇಷ್ಟ. ಆದರೂ ಶಿಬಿರಕ್ಕಿಂತ ಆಮೇಲಿನ ಸಮಿತಿಯೇ ಮುಖ್ಯ ಎನ್ನುತ್ತೇನೆ. ಶಿಬಿರದ ಎಂಟು ದಿನ ಬಿಡುವುದು ಹೇಗೋ ಆದೀತು, ಒಂಬತ್ತನೆಯ ದಿನಕ್ಕೆ ಜೊತೆ ಬೇಕು.

ಅಮ್ಮನಿಗೂ ಹೇಳು, ‘ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ’ ಎಂಬ ಗೋಡೆ ಜಾಹೀರಾತಿನ ಪುಡಿ ತರುವುದು ಬೇಡ. ಅದರಲ್ಲಿ ಏನಿದೆಯೋ, ಕುಡಿದ ಮೈಗೆ ಅದು ವಿಷವಾದರೂ ಆದೀತು. ಮನೆಯವರಿಗೆಂದೇ ಅಲ್-ಅನಾನ್ ಗುಂಪುಗಳಿವೆ. ಅವರೂ ಹೋಗಿ ಕೂರಲಿ, ಅವರೂ ಬಹಳ ಸವೆದಿದ್ದಾರೆ.

ಈ ವಾರ ಡಾಕ್ಟರನ್ನು ಕಂಡು, ಬರುವ ಶನಿವಾರ ಯಾವ ಸಭೆಗೆ ಹೋಗುತ್ತೀಯ ಎಂದು ನನಗೆ ತಿಳಿಸು. ಮೊದಲ ಸಲ ಒಬ್ಬನೇ ಹೋಗಲು ಮುಜುಗರವಾದರೆ ಹೇಳು, ಗೇಟಿನ ಹತ್ತಿರ ನಾನೇ ನಿಂತಿರುತ್ತೇನೆ.

ಇತಿ ನಿನ್ನ ಹಿತೈಷಿ