ಒಲವಿನ ಬೇರು, ಉಮ್ಮತ್ತಿಯ ಕಾಯಿ

ಮನುಷ್ಯಾಕೃತಿಯ ಬೇರುಳ್ಳ ಮ್ಯಾಂಡ್ರಗೋರವನ್ನು ಗ್ರೀಕರು ಒಲವಿನ ಮದ್ದೆಂದು ನಂಬಿದ್ದರು. ಪ್ರೇಮದೇವತೆ ಆಫ್ರೊಡೈಟಿಗೆ ಆ ಗಿಡದ ಹೆಸರಿನ ಬಿರುದೂ ಉಂಟು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ತಿಪ್ಪೆಯಂಚಿನಲ್ಲಿ ನಾವು ಕಾಣುವ ಉಮ್ಮತ್ತಿ ಅದೇ ಬದನೆಯ ಕುಟುಂಬದ್ದು. ಕಾಮಸೂತ್ರದ ವಶೀಕರಣ ಲೇಪದಲ್ಲಿ ಇದಕ್ಕೂ ಸ್ಥಾನವಿದೆ.

ಎರಡರಲ್ಲಿಯೂ ಅಟ್ರೋಪೀನ್, ಸ್ಕೋಪೊಲಮೀನ್ ಎಂಬ ವಿಷವಸ್ತುಗಳಿವೆ. ನರಗಳ ಸಂದೇಶವಾಹಕವಾದ ಅಸಿಟೈಲ್‌ಕೋಲೀನಿನ ಕಾರ್ಯವನ್ನು ಇವು ತಡೆಯುತ್ತವೆ. ಆಗ ಬಾಯಿ ಒಣಗುವುದು, ಮುಖ ಕೆಂಪಾಗುವುದು, ಕಣ್ಣಪಾಪೆ ಅರಳುವುದು, ಎದೆ ಡವಗುಟ್ಟುವುದು. ಇದನ್ನೇ ಹಿಂದಿನವರು ಅನುರಾಗವೆಂದು ಬಗೆದರೇನೋ! ಪ್ರಮಾಣ ಮೀರಿದರೆ ಭ್ರಮೆ, ಮೂರ್ಛೆ, ಮರಣ. ವಿಷಾಂಶವು ಗಿಡದಿಂದ ಗಿಡಕ್ಕೆ ಬೇರೆಯಾದ್ದರಿಂದ ಕಾಯಿಯನ್ನು ಲೆಕ್ಕವಿಟ್ಟು ತಿನ್ನಿಸಿದರೂ ಅಪಾಯ ತಪ್ಪದು.

ಅಟ್ರೋಪೀನಿಗೆ ಹೆಸರು ಬಂದುದು ಬಾಳಿನ ನೂಲನ್ನು ಕತ್ತರಿಸುವ ಗ್ರೀಕ್ ದೇವತೆ ಅಟ್ರೊಪೊಸಳಿಂದ. ಆದರೆ ಆರ್ಗನೋಫಾಸ್ಫೇಟ್ ಕೀಟನಾಶಕದ ವಿಷವೇರಿದ ರೈತನನ್ನು ಉಳಿಸಲು ಇಂದು ವೈದ್ಯರು ಚುಚ್ಚುವ ಮದ್ದು ಇದೇ ಅಟ್ರೋಪೀನ್.