ಮನೆಯ ಕಾಗದ, ಊರಿನ ಗುಂಪು



ಬೀಜ, ಗೊಬ್ಬರ, ಬೋರ್ಡೋ ದ್ರಾವಣಗಳ ವಿಷಯ ಬರುವ ಈ ಪುಟದಲ್ಲಿ ಈ ಸಲ ಮೊಬೈಲಿನ ವಿಷಯ ಬರೆಯುತ್ತಿದ್ದೇನೆ. ಇದಕ್ಕೆ ಕಾರಣ ನನ್ನ ಕೈಯಿಂದಲೇ ಆದ ಒಂದು ತಪ್ಪು.

ಕಳೆದ ಮಳೆಗಾಲದಲ್ಲಿ ಬೆಳೆ ನಷ್ಟದ ಅರ್ಜಿಗಳನ್ನು ಸಂಗ್ರಹಿಸುತ್ತಿದ್ದೆ. ಕಾಗದಗಳನ್ನು ಜೋಡಿಸುವ ಕ್ರಮ ಎಲ್ಲರಿಗೂ ತಿಳಿಯಲೆಂದು ಪೊನ್ನಂಪೇಟೆ ಸಮೀಪದ ಹಿರಿಯ ರೈತರೊಬ್ಬರ ಅರ್ಜಿಯ ಚಿತ್ರ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಅದರಲ್ಲಿ ಅವರ ಆಧಾರ್ ಸಂಖ್ಯೆ, ಪಾಸ್ ಪುಸ್ತಕದ ಪುಟ, ಮೊಬೈಲ್ ನಂಬರು ಎಲ್ಲವೂ ಇದ್ದವು. ಎರಡು ದಿನಗಳಲ್ಲಿ ಅವರಿಗೆ ಕರೆ ಬಂತು: "ಪರಿಹಾರ ಮಂಜೂರಾಗಿದೆ, ಫೋನಿಗೆ ಬಂದ ಓಟಿಪಿ ಹೇಳಿ." ಅವರು ಹೇಳಲಿಲ್ಲ, ಹಣ ಉಳಿಯಿತು. ಮರುದಿನ ನನ್ನ ಬಳಿಗೆ ಬಂದು, "ಕಾಗದ ನಿಮ್ಮನ್ನು ನಂಬಿ ಕೊಟ್ಟದ್ದು ಸಾರ್, ಊರಿಗೆ ಹಂಚಲಿಕ್ಕಲ್ಲ" ಎಂದರು. ನಾನು ಚಿತ್ರವನ್ನು ಅಳಿಸಿದೆ. ಆದರೆ ಅಷ್ಟರಲ್ಲಿ ಅದು ಎಷ್ಟು ಮಂದಿಯ ಫೋನಿಗೆ ಹೋಗಿತ್ತೋ ಯಾರು ಬಲ್ಲರು?

ಕಾನೂನು ಹೇಳುವುದೇನು?

ಆ ಹಿರಿಯರ ಮಾತನ್ನೇ ನಮ್ಮ ರಾಜ್ಯದ ಇನ್ನೊಬ್ಬ ಹಿರಿಯರು ದೇಶದ ನ್ಯಾಯಾಲಯದ ಮುಂದಿಟ್ಟಿದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಚಾರವಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನವು ಸಂವಿಧಾನದ ಮೂಲಭೂತ ಹಕ್ಕೆಂದು ತೀರ್ಪಿತ್ತರು. 2018ರಲ್ಲಿ ಸರ್ಕಾರಿ ಸವಲತ್ತುಗಳಿಗೆ ಆಧಾರ್ ಕೇಳುವುದನ್ನು ನ್ಯಾಯಾಲಯ ಒಪ್ಪಿತು. ಆದುದರಿಂದ ಅರ್ಜಿಗೆ ಸಂಖ್ಯೆ ಕೊಡುವುದು ಸರಿ. ಅದನ್ನು ಸಾರ್ವಜನಿಕವಾಗಿ ಪ್ರಕಟಿಸುವುದು ಆಧಾರ್ ಕಾಯ್ದೆಗೇ ವಿರುದ್ಧ.

2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದೇ ಕಾಯ್ದೆಯಾಯಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಒಬ್ಬರ ಗುಪ್ತಾಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೆ ಅಥವಾ ಹರಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ ಉಂಟು. ನಾನು ಬರೆದದ್ದಲ್ಲ, ಮುಂದಕ್ಕೆ ಕಳುಹಿಸಿದೆನಷ್ಟೆ ಎಂಬ ಮಾತು ನಡೆಯದು.

ಹಾಡು ಮತ್ತು ಚಿತ್ರ

ಇನ್ನೊಬ್ಬರ ದುಡಿಮೆಯೂ ಅವರ ಆಸ್ತಿಯೇ. 2022ರ ನವೆಂಬರಿನಲ್ಲಿ ಕೆಜಿಎಫ್-2 ಚಿತ್ರದ ಹಾಡನ್ನು ಭಾರತ್ ಜೋಡೋ ಯಾತ್ರೆಯ ವೀಡಿಯೋಗಳಿಗೆ ಬಳಸಿದರೆಂದು ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯಕ್ಕೆ ಹೋಯಿತು. ಆ ಟ್ವಿಟರ್ ಖಾತೆಗಳನ್ನು ತಡೆಹಿಡಿಯಲು ಆಜ್ಞೆಯಾಯಿತು. ಆಕ್ಷೇಪಿತ ತುಣುಕುಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಹೈಕೋರ್ಟು ಮರುದಿನ ಅದನ್ನು ರದ್ದುಗೊಳಿಸಿತು.

ಮದುವೆಯ ದಿಬ್ಬಣದಲ್ಲಿ ಹಾಡು ನುಡಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಹೋಮ್‌ಸ್ಟೇ ಜಾಹೀರಾತಿಗೆ ಸಿನಿಮಾ ಹಾಡು ಸೇರಿಸುವುದು, ಬೇರೆಯವರು ತೆಗೆದ ತೋಟದ ಚಿತ್ರವನ್ನು ತಮ್ಮದೆಂದು ಹಾಕುವುದು ಬೇರೆ ಮಾತು. ಇವಕ್ಕೆ ಮೊದಲು ಅನುಮತಿ ಪಡೆಯತಕ್ಕದ್ದು.

ಮಾಡತಕ್ಕ ಕೆಲಸಗಳು

1. ಆಧಾರ್, ಪಾಸ್ ಪುಸ್ತಕ, ಪಹಣಿಯ ಚಿತ್ರಗಳನ್ನು ಗುಂಪಿಗೆ ಹಾಕಬಾರದು. ಸಾಧ್ಯವಿರುವಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡಿರಿ.

2. ಕಾಫಿ ಕೊಯ್ಯುವ ಹೆಂಗಸರ, ಶಾಲಾ ಮಕ್ಕಳ ಚಿತ್ರ ಹಾಕುವ ಮುನ್ನ ಅವರನ್ನೂ ಮಕ್ಕಳ ತಂದೆತಾಯಿಯರನ್ನೂ ಕೇಳಿರಿ. ಕೂಲಿಯವರೆಂದು ಕೇಳದೆ ಇರುವುದು ಸಲ್ಲದು.

3. ಓಟಿಪಿಯನ್ನು ಯಾರಿಗೂ ಹೇಳಬೇಡಿರಿ.

4. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಹೊತ್ತು ಕಳೆದಷ್ಟೂ ಹಣ ತಡೆಹಿಡಿಯುವುದು ಕಷ್ಟ.

5. ಕೆಟ್ಟ ಸಂದೇಶ ಬಂದರೆ ಅದರ ಪ್ರತಿ, ದಿನ, ವೇಳೆ, ನಂಬರುಗಳನ್ನು ಉಳಿಸಿಕೊಂಡು ಪೊಲೀಸ್ ಠಾಣೆಗೆ ದೂರು ಕೊಡಿರಿ. ಸಿಟ್ಟಿನಲ್ಲಿ ಮೊದಲೇ ಅಳಿಸಿದರೆ ಸಾಕ್ಷ್ಯ ಹೋಗುತ್ತದೆ.

ಈಗ ನಾನು ಅರ್ಜಿಯ ಮಾದರಿ ತೋರಿಸಬೇಕಾದರೆ ಖಾಲಿ ಫಾರಮಿನ ಚಿತ್ರವನ್ನೇ ಕಳುಹಿಸುತ್ತೇನೆ. ಆ ಹಿರಿಯರ ಕ್ಷಮೆಯನ್ನು ಅದೇ ಗುಂಪಿನಲ್ಲಿ, ಅವರ ಒಪ್ಪಿಗೆ ಪಡೆದು, ಕೇಳಿದ್ದೇನೆ. ಬೇಲಿ ದಾಟುವ ಮುನ್ನ ಕೂಗಿ ಕೇಳುವುದು ನಮ್ಮ ಹಳ್ಳಿಗಳ ವಾಡಿಕೆ. ಮೊಬೈಲಿಗೂ ಅದೇ ವಾಡಿಕೆ ಇರಲಿ.

ಸಂಘದ ಸಭೆಯಲ್ಲಿ ಚರ್ಚಿಸಲು: ನಿಮ್ಮ ಊರಿನ ಗುಂಪಿನಲ್ಲಿ ಇಂದು ಯಾರ ಕಾಗದಗಳಿವೆ? ಅವನ್ನು ತೆಗೆಸುವ ಹೊಣೆ ಯಾರದು?