ದಾರಿಯ ಸಲಕರಣೆ

ಅರಸೀಕೆರೆಯಿಂದ ಬಾಣಾವರದ ಮೂಲಕ ಕಡೂರಿನತ್ತ ದೂರಪ್ರಯಾಣ ಹೊರಟ ಮೋಟಾರು ಸೈಕಲ್ ಸವಾರನಿಗೆ ಊರುಗಳಲ್ಲಿ ರಿಪೇರಿ ಅಂಗಡಿಗಳು ದೊರೆಯುತ್ತವೆ. ಆದರೆ ಊರಿನಲ್ಲಿಯೇ ಕೆಡಬೇಕೆಂಬ ನಿಯಮ ವಾಹನಕ್ಕಿಲ್ಲ! ಮೈಸೂರಿನಲ್ಲಿ 1961ರಿಂದ ತಯಾರಾಗತೊಡಗಿದ ಹಳೆಯ ಜಾವಾ ವಾಹನದಲ್ಲಿ ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುತ್ತದೆ. ಇದರಿಂದ ಕಿಡಿ ಹೊತ್ತಿಸುವ ಪ್ಲಗ್ಗಿಗೆ ಮಸಿ ಹಿಡಿದು ಎಂಜಿನ್ನು ನಿಂತುಬಿಡುವುದುಂಟು. ಪ್ಲಗ್ ಬಿಚ್ಚುವ ಸ್ಪ್ಯಾನರು, ಉಪ್ಪುಕಾಗದ, ಇನ್ನೊಂದು ಪ್ಲಗ್ಗು ಜೊತೆಗಿದ್ದರೆ ಪಯಣ ಬೇಗನೆ ಮುಂದುವರಿಯುತ್ತದೆ. ಇಲ್ಲದಿದ್ದರೆ ಕತ್ತಲಲ್ಲಿ ಮೈಲಿಗಟ್ಟಲೆ ತಳ್ಳಬೇಕಾದೀತು. ಕ್ಲಚ್ಚಿನ ತಂತಿ, ಟ್ಯೂಬು, ಪಂಪು, ಇಕ್ಕಳ, ಟಾರ್ಚುಗಳೂ ಬೇಕು. ಕಂಡ ಸ್ಪ್ಯಾನರುಗಳನ್ನೆಲ್ಲ ತುಂಬಿಕೊಳ್ಳುವುದು ಮಾತ್ರ ಜಾಣತನವಲ್ಲ. ಹೊರಡುವ ಮುನ್ನ ಮನೆಯಂಗಳದಲ್ಲಿ, ಚೀಲದೊಳಗಿನ ಸಲಕರಣೆಗಳಿಂದಲೇ ಚಕ್ರ, ಪ್ಲಗ್ಗು, ತಂತಿಗಳನ್ನು ಒಮ್ಮೆ ಬಿಚ್ಚಿ ಜೋಡಿಸಬೇಕು. ಆಗ ಯಾವುದು ಕೊರತೆ, ಯಾವುದು ಹೊರೆ ಎಂಬುದು ತಾನಾಗಿ ತಿಳಿಯುತ್ತದೆ. ಉಳಿದವನ್ನು ಹಳೆಯ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಡಬೇಕು. ಸಡಿಲವಾಗಿದ್ದರೆ ದಾರಿಯ ಕುಲುಕಾಟಕ್ಕೆ ಸ್ಪ್ಯಾನರು ಉಜ್ಜಿ, ಆಪತ್ತಿಗೆಂದು ಕೊಂಡೊಯ್ದ ಟ್ಯೂಬೇ ತೂತಾದೀತು.